ಕೆಲಸ ಸಿಕ್ಕ ಬಗೆ

ಉದ್ಯೋಗದಲ್ಲಿ ನೆಲೆನಿಂತವರನ್ನು ಆ ಉದ್ಯೋಗ ತಮಗೆ ದೊರೆತುದು ಹೇಗೆಂದು ವಿಚಾರಿಸಿದರೆ, ಬಹುಮಂದಿ ಮೊದಲು ತಮ್ಮ ವಿದ್ಯಾರ್ಹತೆಯನ್ನು ಹೇಳುತ್ತಾರೆ; ಮಾತು ಸ್ವಲ್ಪ ಮುಂದುವರಿದ ಮೇಲೆ, ಆ ಜಾಗ ಖಾಲಿಯಾಗಿದೆಯೆಂಬ ಸಮಾಚಾರ ತಮಗೆ ಮುಟ್ಟಿದುದು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದವರಿಂದಲೋ, ಹಿಂದೆ ಬಾಡಿಗೆಗಿದ್ದ ಮನೆಯ ಯಜಮಾನರಿಂದಲೋ, ಕಾಲೇಜಿನಲ್ಲಿ ಎರಡು ವರ್ಷ ಹಿರಿಯರಾಗಿದ್ದು ಆಮೇಲೆ ಮರೆತೇಹೋಗಿದ್ದ ಒಬ್ಬರಿಂದಲೋ ಎಂಬುದು ಹೊರಬೀಳುತ್ತದೆ. ಪದವಿಯ ಕಾಗದ ಅವರೊಬ್ಬರಲ್ಲೇ ಇರಲಿಲ್ಲ, ಅವರ ಸಹಪಾಠಿಗಳೆಲ್ಲರ ಕೈಯಲ್ಲಿಯೂ ಇತ್ತು. ಸಮಾಚಾರ ಮಾತ್ರ ಇವರಿಗೆ ಮುಟ್ಟಿತು, ಅವರಿಗೆ ಮುಟ್ಟಲಿಲ್ಲ. ಉದ್ಯೋಗಾಕಾಂಕ್ಷಿಗಳಿಗೆ ಹಿತೋಪದೇಶ ಮಾಡುವ ಪುಸ್ತಕಗಳು ಉಡುಪು, ಮುಗುಳ್ನಗೆ, ಆತ್ಮವಿಶ್ವಾಸಗಳ ವಿಷಯದಲ್ಲಿ ಅಧ್ಯಾಯಗಟ್ಟಲೆ ಬರೆದು, ಈ ಸಮಾಚಾರ ಯಾವ ದಾರಿಯಿಂದ ಬರುತ್ತದೆ, ಬಂದಾಗ ಕೈಯಲ್ಲಿ ಏನಿರಬೇಕು ಎಂಬ ಎರಡು ಸಂಗತಿಗಳನ್ನು ಹೇಳದೆ ಬಿಡುವುದು ನನಗೆ ಬಹುಕಾಲದಿಂದ ವಿಚಿತ್ರವಾಗಿ ತೋರಿದೆ.

ಕಾಗದಪತ್ರಗಳ ಆಧಾರವುಳ್ಳ ನಿದರ್ಶನವೊಂದನ್ನು ಕೊಡಬೇಕಾದರೆ, ಶ್ರೀನಿವಾಸ ರಾಮಾನುಜನ್ನರಿಗೆ ನೌಕರಿ ದೊರೆತ ವೃತ್ತಾಂತಕ್ಕಿಂತ ಉತ್ತಮವಾದುದು ನನಗೆ ತಿಳಿಯದು. ಅವರ ಹೆಸರು ಕೇಳಿದೊಡನೆ ಕೇಂಬ್ರಿಜ್, ಪ್ರೊಫೆಸರ್ ಹಾರ್ಡಿ, ರಾಯಲ್ ಸೊಸೈಟಿ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ 1910ರಲ್ಲಿ ಅವರು, ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಮದರಾಸಿನಿಂದ ಕಟ್ಟಿದ ಎಫ್.ಎ. ಪರೀಕ್ಷೆಯಲ್ಲಿಯೂ ತೇರ್ಗಡೆಯಾಗದೆ, ಅದರ ಹಿಂದಿನ ವರ್ಷ ಮದುವೆಯೂ ಆಗಿದ್ದುದರಿಂದ ಸಂಪಾದನೆಯ ದಾರಿಯೊಂದನ್ನು ಅರಸಲೇಬೇಕಾಗಿದ್ದ, ಇಪ್ಪತ್ತೆರಡು ವರ್ಷದ ತರುಣ. ಅವರಲ್ಲಿದ್ದುದು ಗಣಿತಸೂತ್ರಗಳನ್ನು ತುಂಬಿದ ನೋಟ್‌ಬುಕ್ಕುಗಳು ಮಾತ್ರ. ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಸ್ಥಾಪಕರಾದ ವಿ. ರಾಮಸ್ವಾಮಿ ಅಯ್ಯರ್ ತಿರುಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿರುವರೆಂದು ತಿಳಿದು ರಾಮಾನುಜನ್ ಅಲ್ಲಿಗೆ ಹೋದರು. ಕೇಳಿದುದು ರೆವೆನ್ಯೂ ಕಚೇರಿಯಲ್ಲಿ ಒಂದು ಗುಮಾಸ್ತೆಯ ಕೆಲಸ. ಅಯ್ಯರ್ ನೋಟ್‌ಬುಕ್ಕನ್ನು ತಿರುವಿಹಾಕಿದರು. ಇಂಥವನನ್ನು ರೆವೆನ್ಯೂ ಇಲಾಖೆಯ ಕೆಳಮೆಟ್ಟಿಲಿನಲ್ಲಿ ಕೂರಿಸಿ ಆ ಪ್ರತಿಭೆಯನ್ನು ಉಸಿರುಗಟ್ಟಿಸಲು ಅವರಿಗೆ ಮನಸ್ಸು ಬರಲಿಲ್ಲ. ಕೆಲಸ ಕೊಡದೆ, ಮದರಾಸಿನ ತಮ್ಮ ಗಣಿತಜ್ಞ ಮಿತ್ರರಿಗೆ ಪರಿಚಯಪತ್ರ ಬರೆದುಕೊಟ್ಟು ಕಳುಹಿಸಿದರು.

ಇಲ್ಲಿಂದ ಮುಂದಿನ ಸರಣಿಯನ್ನು ನಿಧಾನವಾಗಿ ನೋಡತಕ್ಕದ್ದು. ಪತ್ರ ತಲುಪಿದವರಲ್ಲಿ ಒಬ್ಬರಾದ ಪಿ.ವಿ. ಶೇಷು ಅಯ್ಯರ್, ಕುಂಭಕೋಣದಲ್ಲಿ ರಾಮಾನುಜನ್ನರಿಗೆ ಪಾಠ ಹೇಳಿದ್ದವರು. ಅವರ ಚೀಟಿಯನ್ನು ಹಿಡಿದು ರಾಮಾನುಜನ್ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾಯರನ್ನು ಕಂಡರು. ರಾಯರು ಮೊದಲು ಸಂದೇಹಪಟ್ಟರೂ ಕೊನೆಗೆ ಒಲಿದು, ತಿಂಗಳಿಗೆ 25 ರೂಪಾಯಿಗಳನ್ನು ತಮ್ಮ ಕೈಯಿಂದಲೇ ಕೊಡತೊಡಗಿದರು. ಪರರ ಔದಾರ್ಯದಲ್ಲಿ ಬಹುಕಾಲ ಇರುವುದು ರಾಮಾನುಜನ್ನರಿಗೆ ಹಿಡಿಸದೆ, 1912ರ ಆರಂಭದಲ್ಲಿ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ 20 ರೂಪಾಯಿಯ ಹಂಗಾಮಿ ಕೆಲಸವೊಂದನ್ನು ಕೆಲವು ವಾರ ಮಾಡಿದರು. ಆ ವರ್ಷದ ಫೆಬ್ರವರಿ 9ರಂದು ಮದರಾಸಿನ ಪೋರ್ಟ್ ಟ್ರಸ್ಟಿಗೆ ಅರ್ಜಿ ಹಾಕಿದರು. ಆ ಅರ್ಜಿ ಬಹು ಚಿಕ್ಕದು. ಮೆಟ್ರಿಕ್ಯುಲೇಷನ್ ಆಗಿದೆ, ಎಫ್.ಎ.ವರೆಗೆ ಓದಿ ಪ್ರತಿಕೂಲ ಸಂದರ್ಭಗಳಿಂದ ನಿಲ್ಲಿಸಬೇಕಾಯಿತು, ಅಲ್ಲಿಂದೀಚೆಗೆ ಕಾಲವನ್ನೆಲ್ಲ ಗಣಿತಕ್ಕೆ ವಿನಿಯೋಗಿಸಿದ್ದೇನೆ, ನೇಮಿಸಿದರೆ ಕೆಲಸಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ಭರವಸೆಯಿದೆ ಎಂಬಿಷ್ಟೇ ಅದರ ಸಾರ. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕ ಮಿಡಲ್‌ಮಾಸ್ಟರ ಶಿಫಾರಸು ಪತ್ರವೊಂದು ಜೊತೆಗಿತ್ತು. ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತಜ್ಞರು, ರಾಮಸ್ವಾಮಿ ಅಯ್ಯರರ ಸೊಸೈಟಿಗೆ ಸೇರಿದವರು. ಮಾರ್ಚ್ 1ರಿಂದ ಕೆಲಸ. ಸಂಬಳ 30 ರೂಪಾಯಿ.

ಈ ಸರಣಿಯಲ್ಲಿ ಚಿಕ್ಕಪ್ಪನಿಲ್ಲ, ಭಾವನಿಲ್ಲ, ಬಾಲ್ಯದ ಗೆಳೆಯನೂ ಇಲ್ಲ; ಇರುವವರೆಲ್ಲರೂ ತೆಳುವಾದ ಪರಿಚಯದವರು, ಅಥವಾ ಪರಿಚಯದವರ ಪರಿಚಯದವರು. ಅವರಲ್ಲಿ ಯಾರೂ ಆತನನ್ನು ಕುಲಗೋತ್ರ ಕೇಳಿ ಮುಂದಕ್ಕೆ ದಾಟಿಸಿದುದಲ್ಲ, ನೋಟ್‌ಬುಕ್ಕನ್ನು ನೋಡಿ ದಾಟಿಸಿದುದು. ನೋಟ್‌ಬುಕ್ಕೊಂದೇ ಇದ್ದು ಆ ಚೀಟಿಗಳಿಲ್ಲದಿದ್ದರೆ ಅದು ಕುಂಭಕೋಣದ ಮನೆಯಲ್ಲೇ ಉಳಿಯುತ್ತಿತ್ತು. ಚೀಟಿಗಳಿದ್ದು ನೋಟ್‌ಬುಕ್ಕಿಲ್ಲದಿದ್ದರೆ ತಿರುಕೋಯಿಲೂರಿನಿಂದ ಮುಂದಕ್ಕೆ ದಾರಿಯೇ ಇರಲಿಲ್ಲ. (ಆ ಗುಮಾಸ್ತೆಯ ಮೇಜಿನಿಂದಲೇ 1913ರ ಜನವರಿಯಲ್ಲಿ ರಾಮಾನುಜನ್ ಹಾರ್ಡಿಯವರಿಗೆ ಕಾಗದ ಬರೆದರು, ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತೆಯೆಂದೇ ಅದರಲ್ಲಿ ತಮ್ಮನ್ನು ಪರಿಚಯಿಸಿಕೊಂಡರು. ಅಲ್ಪವೇತನದ ನೌಕರಿಯನ್ನು ಹೇಳಿಕೊಳ್ಳಲು ನಾಚುವ ನಮ್ಮ ತರುಣರು ಇದನ್ನು ಗಮನಿಸಬಹುದು.)

ಇದೊಂದು ಅಪೂರ್ವ ಪ್ರತಿಭೆಯ ಕಥೆ, ಸಾಮಾನ್ಯರಿಗೆ ಅನ್ವಯಿಸದು ಎಂದು ಹೇಳುವವರಿಗಾಗಿ ಸಾಮಾನ್ಯರ ಲೆಕ್ಕವನ್ನೇ ಕೊಡಬಹುದು. ಮಾರ್ಕ್ ಗ್ರಾನೋವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ಸಮೀಪದ ನ್ಯೂಟನ್ ಪಟ್ಟಣದಲ್ಲಿ, ಹೊಸದಾಗಿ ಉದ್ಯೋಗ ಬದಲಿಸಿದ್ದ 282 ಮಂದಿ ವೃತ್ತಿಪರರು, ತಂತ್ರಜ್ಞರು, ವ್ಯವಸ್ಥಾಪಕರಿಂದ ಆ ಉದ್ಯೋಗ ದೊರೆತ ಬಗೆಯನ್ನು ಕೇಳಿ ತಿಳಿದು, 1974ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಜಾಹೀರಾತು, ಏಜೆನ್ಸಿ ಮುಂತಾದ ವಿಧ್ಯುಕ್ತ ಮಾರ್ಗಗಳಿಂದ ಕೆಲಸ ಹಿಡಿದವರು ನೂರಕ್ಕೆ 19ರಷ್ಟು. ಯಾರ ಮಾತೂ ಇಲ್ಲದೆ ನೇರವಾಗಿ ಅರ್ಜಿ ಕೊಟ್ಟು ಹಿಡಿದವರೂ ಅಷ್ಟೇ. ವ್ಯಕ್ತಿಪರಿಚಯದಿಂದ ಹಿಡಿದವರು ನೂರಕ್ಕೆ 56. ಇಷ್ಟು ಮಾತ್ರವಾಗಿದ್ದರೆ ನಮ್ಮ ಊರಿನ ಕಟ್ಟೆಯ ಮೇಲೆ ಕುಳಿತವರಿಗೂ ಅದು ಹೊಸದಾಗುತ್ತಿರಲಿಲ್ಲ. ಹೊಸದೇನೆಂದರೆ, ಸಮಾಚಾರ ತಂದುಕೊಟ್ಟ ಆ ಪರಿಚಿತರನ್ನು ನೀವು ಆಗ ಎಷ್ಟು ಸಲ ಕಾಣುತ್ತಿದ್ದಿರೆಂದು ಕೇಳಿದುದಕ್ಕೆ ಬಂದ ಉತ್ತರ. ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದವರು ನೂರಕ್ಕೆ 17ಕ್ಕಿಂತ ಕಡಿಮೆ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಸುಮಾರು 56. ವರ್ಷಕ್ಕೊಮ್ಮೆಯೋ ಅದಕ್ಕೂ ಅಪರೂಪವಾಗಿಯೋ ಕಾಣುತ್ತಿದ್ದವರು ಸುಮಾರು 28. ನಿಮ್ಮ ಸ್ನೇಹಿತರು ಹೇಳಿದರೇ ಎಂದು ಕೇಳಿದರೆ, ಸ್ನೇಹಿತರಲ್ಲ, ಬರಿಯ ಪರಿಚಿತರು ಎಂದು ಎಷ್ಟೋ ಮಂದಿ ತಿದ್ದಿದರಂತೆ.

ಕಾರಣ ಗಹನವಾದುದೇನೂ ಅಲ್ಲ. ದಿನವೂ ನಮ್ಮೊಡನೆ ಕಾಫಿ ಕುಡಿಯುವ ಮಿತ್ರನಿಗೆ ನಮ್ಮ ಮೇಲೆ ಪ್ರೀತಿಯಿರುತ್ತದೆ, ಆದರೆ ನಮಗೆ ತಿಳಿಯದ ಸಮಾಚಾರವಿರುವುದಿಲ್ಲ. ಅವನು ಸುತ್ತುವ ಬೀದಿಗಳೂ ನಾವು ಸುತ್ತುವ ಬೀದಿಗಳೂ ಒಂದೇ. ಇನ್ನೊಂದು ಊರಿನಲ್ಲಿ ಇನ್ನೊಂದು ವೃತ್ತಿಯಲ್ಲಿರುವ ದೂರದ ಪರಿಚಿತನು ಮತ್ತೊಂದು ಲೋಕದ ವಾರ್ತೆಯನ್ನು ತರುತ್ತಾನೆ. 2022ರಲ್ಲಿ ಲಿಂಕ್ಡ್‌ಇನ್ ಜಾಲದ 2 ಕೋಟಿಗೂ ಹೆಚ್ಚು ಸದಸ್ಯರ ಐದು ವರ್ಷಗಳ ವ್ಯವಹಾರವನ್ನು ಪರಿಶೀಲಿಸಿದ ಸಂಶೋಧನೆಯೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು; ತೀರ ಗಾಢವೂ ಅಲ್ಲದ, ತೀರ ಶಿಥಿಲವೂ ಅಲ್ಲದ ನಡುವಣ ಪರಿಚಯಗಳೇ ಉದ್ಯೋಗಾಂತರಕ್ಕೆ ಅತ್ಯಂತ ಸಹಾಯಕವೆಂದೂ, ಗಣಕಯಂತ್ರದ ಬಳಕೆ ಕಡಿಮೆಯಿರುವ ಉದ್ಯಮಗಳಲ್ಲಿ ನಿಕಟ ಸಂಬಂಧಗಳೇ ಹೆಚ್ಚು ಫಲಿಸುವುವೆಂದೂ ಅದು ತೋರಿಸಿತು.

ಈ ಕಡೆಯ ಮಾತನ್ನು ನಮ್ಮ ಕರಾವಳಿಯವರು ಸಂಶೋಧನೆಯ ಹಂಗಿಲ್ಲದೆಯೇ ಬಲ್ಲರು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಹುಡುಗರು ಹತ್ತು ಹನ್ನೆರಡರ ಪ್ರಾಯದಲ್ಲಿ, ಮುಂಬಯಿಯ ಹೋಟೆಲಿನಲ್ಲಿದ್ದ ಮಾವನದೋ ನೆರೆಮನೆಯ ಅಣ್ಣನದೋ ಬೆನ್ನುಹತ್ತಿ ಹೊರಟು, ಮೊದಲು ಲೋಟ ತಟ್ಟೆ ತೊಳೆಯುವುದಕ್ಕೆ ನಿಂತು, ಆಮೇಲೆ ಮಾಣಿಯಾಗಿ, ನಂಬಿಕೆ ಬಂದ ಮೇಲೆ ಗಲ್ಲೆಯ ಮೇಲೆ ಕುಳಿತ ಕಥೆ ಆ ಸೀಮೆಯ ಮನೆಮನೆಯಲ್ಲೂ ಉಂಟು. ಆ ಮೊದಲ ಕೆಲಸವನ್ನು ಕೊಡಿಸಿದುದು ರಕ್ತಸಂಬಂಧ, ಊರಿನ ಸಂಬಂಧ. ಎರಡನೆಯ ಕೆಲಸವನ್ನು ಕೊಡಿಸಿದುದು ಬೇರೆ. ಮುಂಬಯಿಯಲ್ಲಿ ಕನ್ನಡಿಗರು ನಡೆಸಿದ ರಾತ್ರಿ ಶಾಲೆಗಳಿದ್ದುವು. ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ ಅವುಗಳಲ್ಲಿ ಬಹು ಹಳೆಯದು. ಹಗಲೆಲ್ಲ ಎಂಜಲು ಲೋಟ ಎತ್ತಿದ ಹುಡುಗ ರಾತ್ರಿ ಅಲ್ಲಿ ಬಂದು ಕುಳಿತಾಗ, ಅವನ ಒಂದು ಪಕ್ಕದಲ್ಲಿ ಕಚೇರಿಯೊಂದರ ಜವಾನನೂ ಇನ್ನೊಂದು ಪಕ್ಕದಲ್ಲಿ ಗಿರಣಿಯ ಕಾರ್ಮಿಕನೂ ಇರುತ್ತಿದ್ದರು. ಹೋಟೆಲಿನ ಅಡಿಗೆಮನೆಯಲ್ಲಿ ಎಂದಿಗೂ ಕಿವಿಗೆ ಬೀಳದ ಮಾತು, ಯಾವ ಬ್ಯಾಂಕಿನಲ್ಲಿ ಮೆಟ್ರಿಕ್ ಆದವರನ್ನು ತೆಗೆದುಕೊಳ್ಳುತ್ತಾರೆ, ಟೈಪಿಂಗ್ ಕಲಿತವನಿಗೆ ಎಲ್ಲಿ ಜಾಗವಿದೆ ಎಂಬುದು, ಆ ಬೆಂಚಿನ ಮೇಲೆ ಬೀಳುತ್ತಿತ್ತು. ಹೀಗೆ ಓದಿ ಬ್ಯಾಂಕು, ವಿಮೆ, ರೈಲ್ವೆಗಳಿಗೆ ಸೇರಿದವರೂ ವಕೀಲರಾದವರೂ ಅನೇಕರು. ರಾತ್ರಿ ಶಾಲೆ ವಿದ್ಯೆಯನ್ನು ಕೊಟ್ಟಿತೆಂದು ಎಲ್ಲರೂ ಹೊಗಳುತ್ತಾರೆ. ಅದು ಬೇರೆ ಬೇರೆ ಕಸುಬಿನವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿತೆಂಬುದನ್ನೂ ಅಷ್ಟೇ ಹೊಗಳಬೇಕೆಂದು ನನ್ನ ಅಭಿಪ್ರಾಯ.

ಹೀಗೆಂದ ಮಾತ್ರಕ್ಕೆ ಪರಿಚಯದ ದಾರಿ ನ್ಯಾಯವಾದ ದಾರಿಯೆಂದು ನಾನು ವಾದಿಸುತ್ತಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಇಂಜಿನಿಯರೊಬ್ಬರು ಬಂದು ಕೂರಬೇಕಾದರೆ ಆ ಪಂಕ್ತಿಗೆ ನಮಗೆ ಪ್ರವೇಶವಿರಬೇಕು. ನಮ್ಮ ದೇಶದಲ್ಲಿ ಯಾರು ಯಾರ ಪಂಕ್ತಿಯಲ್ಲಿ ಕುಳಿತರೆಂಬುದರ ಚರಿತ್ರೆಯನ್ನು ವಿವರಿಸಬೇಕಾಗಿಲ್ಲ. ತಂದೆ ಕೂಲಿ ಮಾಡಿದ, ತಾಯಿ ಅಕ್ಷರ ಕಲಿಯದ ಮನೆಯ ಹುಡುಗಿಗೆ ದೂರದ ಪರಿಚಿತರೆಂದರೂ ಕೂಲಿಯವರೇ. ಆದ್ದರಿಂದಲೇ ಪರೀಕ್ಷೆಯೆಂಬ ಬಾಗಿಲು ಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ, 1891ರಲ್ಲಿ, ಸಿವಿಲ್ ಸರ್ವೀಸಿಗೆ ಸ್ಪರ್ಧಾಪರೀಕ್ಷೆ ಬಂದಿತು. ಮಾಸ್ತಿಯವರು ಸಂಸ್ಥಾನದ ಸೇವೆಗೆ ಸೇರಿದುದು ಆ ಬಾಗಿಲಿನಿಂದ. ಆದರೆ ಪರೀಕ್ಷೆಯ ಬಾಗಿಲನ್ನು ತಲುಪುವುದಕ್ಕೂ ಓದಿದ ಮನೆತನ ಬೇಕಾಗುತ್ತಿದ್ದುದರಿಂದ, ಕೆಲವೇ ಕುಲದವರು ಕಚೇರಿಗಳನ್ನು ತುಂಬಿದ್ದಾರೆಂಬ ಅಸಮಾಧಾನ ಬೆಳೆದು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಮೀಸಲಾತಿಯ ಇತಿಹಾಸದಲ್ಲಿ ಅದರ ಸ್ಥಾನ ದೊಡ್ಡದು. ನಮ್ಮ ರಾಜ್ಯದ ಇಂದಿನ ಲೋಕಸೇವಾ ಆಯೋಗ 1951ರಷ್ಟು ಹಳೆಯದು. 2016ರಿಂದ ಕೇಂದ್ರ ಸರ್ಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಸಂದರ್ಶನದ ಕೋಣೆಯಲ್ಲಿ ನಡೆಯಬಹುದಾದ ಪಕ್ಷಪಾತವನ್ನು ಬಲ್ಲವರು ಅದಕ್ಕಾಗಿ ಸಂತೋಷಪಟ್ಟರು. ಪರೀಕ್ಷೆಗೂ ಕಳ್ಳದಾರಿಗಳು ಹುಟ್ಟಿವೆಯೆಂಬುದಕ್ಕೆ ನಮ್ಮಲ್ಲಿ 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳ ಆಯ್ಕೆ 2022ರಲ್ಲಿ ರದ್ದಾದುದೇ ಸಾಕ್ಷಿ. ಪ್ರಾಮಾಣಿಕವಾಗಿ ಓದಿದವರಿಗೆ ಅದರಿಂದಾದ ನಷ್ಟವನ್ನು ಯಾರೂ ತುಂಬಿಕೊಡಲಾರರು.

ಪರೀಕ್ಷೆಗೆ ಕಟ್ಟುವವರಿಗೆ ನಾನು ಹೇಳುವುದು ಒಂದೇ: ಅದಕ್ಕೆಂದು ಎಷ್ಟು ವರ್ಷಗಳನ್ನು ಕೊಡುತ್ತೀರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆ ಅವಧಿಯಲ್ಲಿಯೂ ಬೇರೊಂದು ಕೈಕೆಲಸವನ್ನು ಬಿಡಬೇಡಿ. ಧಾರವಾಡದಲ್ಲಿಯೂ ಬೆಂಗಳೂರಿನ ವಿಜಯನಗರದಲ್ಲಿಯೂ ಕೋಚಿಂಗ್ ಕೇಂದ್ರಗಳ ಸುತ್ತ ಪಿ.ಜಿ.ಗಳಲ್ಲಿ ಕುಳಿತು ಮೂವತ್ತು ದಾಟಿದವರನ್ನು ನೋಡಿದಾಗ, ಹೊರಗಿನ ಲೋಕದ ಪರಿಚಯವೇ ಕಡಿದುಹೋಗಿ ಒಬ್ಬರಿಗೊಬ್ಬರೇ ಪರಿಚಿತರಾಗಿ ಉಳಿದಿದ್ದಾರಲ್ಲ ಎಂದು ಮರುಕವಾಗುತ್ತದೆ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಕಾದು ಕುಳಿತವರ ಸ್ಥಿತಿಯೂ ಇದೇ. 1959ರ ಕಾನೂನು ಸರ್ಕಾರಿ ಸಂಸ್ಥೆಗಳೂ ದೊಡ್ಡ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಆ ಕಚೇರಿಗೆ ತಿಳಿಸಬೇಕೆಂದು ವಿಧಿಸಿತೇ ಹೊರತು, ಅಲ್ಲಿಂದಲೇ ತೆಗೆದುಕೊಳ್ಳಬೇಕೆಂದು ವಿಧಿಸಲಿಲ್ಲ.

ಕೈಕೆಲಸದ ಮಾತು ಬಂದುದರಿಂದ ಹೇಳುತ್ತೇನೆ. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಲ್ಲಿ ಅಪ್ರೆಂಟಿಸಾಗಿ ಸೇರಿ ಫಿಟ್ಟರ್, ಟರ್ನರ್ ಕೆಲಸ ಕಲಿತವರಿಂದಲೇ ಪೀಣ್ಯದ ಎಷ್ಟೋ ಸಣ್ಣ ವರ್ಕ್‌ಶಾಪುಗಳು ಹುಟ್ಟಿದುವು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿ.ಟಿ.ಟಿ.ಸಿ.ಯಲ್ಲಿ ಉಪಕರಣ ಮತ್ತು ಅಚ್ಚು ತಯಾರಿಕೆಯನ್ನು ಕಲಿತವರನ್ನು ಕಾರ್ಖಾನೆಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ಅಪ್ರೆಂಟಿಸ್ ತಿಂಗಳಿಗೆ ಪಡೆಯುವ ಸ್ಟೈಪೆಂಡು ಅಲ್ಪ. ಆದರೆ ಅವನು ಲೇತಿನ ಮುಂದೆ ನಿಲ್ಲುವುದನ್ನು ದಿನವೂ ಹತ್ತು ಮಂದಿ ನೋಡುತ್ತಾರೆ, ಹೊರಗೆ ಜಾಗವಿದ್ದಾಗ ಆ ಹತ್ತು ಮಂದಿಯ ನೆನಪಿಗೆ ಬರುವುದು ಅವನೇ.

ಸಿ.ವಿ. ರಾಮನ್ನರ ಎರಡನೆಯ ಉದ್ಯೋಗವೂ ಹೀಗೆ ಕಣ್ಣಿಗೆ ಬಿದ್ದ ಕೆಲಸದಿಂದಲೇ ಬಂದುದು. 1907ರಲ್ಲಿ ಫೈನಾನ್ಸ್ ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಕಲ್ಕತ್ತೆಯಲ್ಲಿ ಅಧಿಕಾರಿಯಾದ ಅವರು, ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಸ್ಥೆಯೊಂದರ ಹಲಗೆಯನ್ನು ಕಂಡು, ಕಚೇರಿಯ ಮುಂಚೆಯೂ ಆಮೇಲೂ ಅಲ್ಲಿ ಪ್ರಯೋಗ ನಡೆಸಿದರು. ಆ ಪ್ರಯೋಗಗಳನ್ನು ಗಮನಿಸಿದ ಆಶುತೋಷ ಮುಖರ್ಜಿಯವರು ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಕರೆದರು. 1917ರಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ, ರಾಮನ್ ಹೋದರು.

ಪರಿಚಯವೂ ಇಲ್ಲದೆ, ಪರೀಕ್ಷೆಯೂ ಇಲ್ಲದೆ, ಒಂದು ಕಾರ್ಡಿನಿಂದ ಕೆಲಸ ಪಡೆದವರೂ ಉಂಟು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದು ಮುಗಿಸುತ್ತಿದ್ದ ಹುಬ್ಬಳ್ಳಿಯ ಸುಧಾ ಕುಲಕರ್ಣಿ, ಇಂದಿನ ಸುಧಾ ಮೂರ್ತಿಯವರು, ಟೆಲ್ಕೊ ಸಂಸ್ಥೆಯ ಜಾಹೀರಾತಿನಲ್ಲಿ ಸ್ತ್ರೀಯರು ಅರ್ಜಿ ಹಾಕಕೂಡದೆಂಬ ಸಾಲನ್ನು ಕಂಡು ಸಿಟ್ಟಾಗಿ, ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡು ಬರೆದುದನ್ನೂ, ಕೆಲವೇ ದಿನಗಳಲ್ಲಿ ಪುಣೆಗೆ ಸಂದರ್ಶನಕ್ಕೆ ಕರೆ ಬಂದುದನ್ನೂ ಅವರೇ ಬರೆದಿದ್ದಾರೆ. ಈ ಪ್ರಸಂಗವನ್ನು ಧೈರ್ಯದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಕಾರ್ಡು ಬಾಗಿಲನ್ನು ತೆರೆಸಿತು, ನಿಜ. ಒಳಗೆ ಹೋದ ಮೇಲೆ ಕೇಳಿದುದು ಇಂಜಿನಿಯರಿಂಗಿನ ಪ್ರಶ್ನೆಗಳನ್ನು, ಅವಕ್ಕೆ ಉತ್ತರ ಕೊಟ್ಟುದು ಅವರ ಓದು.

ಇನ್ನು ಅರ್ಜಿಯ ವಿಷಯ. ಒಂದು ಸಣ್ಣ ಮುದ್ರಣಾಲಯಕ್ಕೆ ಕರಡು ತಿದ್ದುವವರು ಬೇಕಾದಾಗ ಬಂದ ಅರ್ಜಿಗಳನ್ನು ಓದಿ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವುಗಳಲ್ಲಿ ಬಹುಪಾಲು ಒಂದೇ ಅಂಗಡಿಯಲ್ಲಿ ಟೈಪು ಮಾಡಿಸಿದಂತಿದ್ದುವು; ಕಷ್ಟಪಟ್ಟು ದುಡಿಯುವ ಸ್ವಭಾವ, ತಂಡದಲ್ಲಿ ಬೆರೆಯುವ ಗುಣ, ಬೇಗ ಕಲಿಯುವ ಶಕ್ತಿ ಎಲ್ಲರಲ್ಲಿಯೂ ಸಮಾನವಾಗಿತ್ತು. ಒಬ್ಬ ಹೆಣ್ಣುಮಗಳ ಲಕೋಟೆಯಲ್ಲಿ ಮಾತ್ರ ಎರಡು ಹಾಳೆಗಳಿದ್ದುವು: ಒಂದು ಹತ್ತು ಸಾಲಿನ ಅರ್ಜಿ, ಇನ್ನೊಂದು ನಾವೇ ಅಚ್ಚುಹಾಕಿದ್ದ ಪುಸ್ತಕದ ಒಂದು ಪುಟ, ಅಂಚಿನಲ್ಲಿ ಕೆಂಪು ಶಾಯಿಯಿಂದ ತಪ್ಪುಗಳನ್ನೆಲ್ಲ ಕರಡಿನ ಚಿಹ್ನೆಗಳಲ್ಲೇ ಗುರುತಿಸಿದ್ದು, ಮಹಾಪ್ರಾಣ ಬಿಟ್ಟುಹೋದುದು ಒಂದು ಕಡೆ, ಸಾಲು ಎರಡು ಸಲ ಬಂದುದು ಇನ್ನೊಂದು ಕಡೆ. ಯಜಮಾನರಿಗೆ ಮೊದಲು ಮುಖ ಕೆಂಪಾಯಿತು. ಆಮೇಲೆ ಆಕೆಯನ್ನೇ ಕರೆಸಿ ಎಂದರು. ಅರ್ಜಿಯೊಡನೆ ಕೆಲಸದ ಒಂದು ತುಣುಕನ್ನು ಕಳುಹಿಸಲು ಸಾಧ್ಯವಿರುವ ವೃತ್ತಿಗಳು ನಾವು ಭಾವಿಸುವುದಕ್ಕಿಂತ ಹೆಚ್ಚು. ಹೊಲಿದ ರವಿಕೆ, ಬರೆದ ಪ್ರೋಗ್ರಾಂ, ಟ್ಯಾಲಿಯಲ್ಲಿ ಮುಗಿಸಿದ ಒಂದು ತಿಂಗಳ ಲೆಕ್ಕ, ಪಾಠ ಹೇಳುವಾಗ ತೆಗೆದ ಹತ್ತು ನಿಮಿಷದ ವಿಡಿಯೋ ಎಲ್ಲವೂ ರಾಮಾನುಜನ್ನರ ನೋಟ್‌ಬುಕ್ಕಿನ ಜಾತಿಯವೇ.

ಪರಿಚಿತರನ್ನು ಕೇಳುವುದರಲ್ಲಿಯೂ ಒಂದು ರೀತಿಯಿದೆ. “ಸರ್, ನಿಮ್ಮಲ್ಲಿ ಏನಾದರೂ ಕೆಲಸ ಇದ್ದರೆ ಹೇಳಿ” ಎಂದರೆ ಎದುರಿನವರು ಮುಜುಗರದಿಂದ “ನೋಡೋಣಪ್ಪ” ಎಂದು ಜಾರಿಕೊಳ್ಳುತ್ತಾರೆ. ಏಕೆಂದರೆ ಅವರ ಕೈಯಲ್ಲಿ ಕೆಲಸವಿರುವುದಿಲ್ಲ. “ನಿಮ್ಮ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿ ಹೊಸಬರಿಗೆ ಏನೇನು ಗೊತ್ತಿರಬೇಕು ಸರ್, ಆಳುಗಳನ್ನು ತೆಗೆದುಕೊಳ್ಳುವುದು ವರ್ಷದ ಯಾವ ಕಾಲದಲ್ಲಿ?” ಎಂದು ಕೇಳಿ ನೋಡಿ. ತಾನು ಬಲ್ಲ ವಿಷಯವನ್ನು ಹೇಳಲು ಯಾರಿಗೂ ಬೇಸರವಿಲ್ಲ. ಅರ್ಧ ಗಂಟೆ ಹೇಳಿದವರು ಆರು ತಿಂಗಳ ಮೇಲೆ ಜಾಗ ಖಾಲಿಯಾದಾಗ ನಿಮ್ಮನ್ನು ನೆನೆಯುತ್ತಾರೆ. ಕೇಳಿದ ಮೇಲೆ ಏನಾಯಿತೆಂಬುದನ್ನು ಅವರಿಗೆ ತಿಳಿಸುವ ಸೌಜನ್ಯವೂ ಇರಲಿ. ಕೆಲಸ ಸಿಕ್ಕಿದ ಮೇಲೆ ಫೋನು ಮಾಡದವರೇ ಹೆಚ್ಚು.

ಸಂದರ್ಶನದ ಬಗೆಗೆ ಬೇಕಾದಷ್ಟು ಬರೆಯಲಾಗಿದೆ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆನ್ನಿ, ಇಂಗ್ಲಿಷು ತಡವರಿಸಿದರೆ ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ ಎಂಬೆರಡನ್ನು ಬಿಟ್ಟು ನಾನು ಸೇರಿಸತಕ್ಕದ್ದು ಏನೂ ಇಲ್ಲ.

ದುಡ್ಡಿನ ವಿಷಯವೊಂದು ಉಳಿಯಿತು. ಕೆಲಸ ಕೊಡುವವನು ಕೆಲಸಗಾರನಿಂದ ಠೇವಣಿ, ತರಬೇತಿ ಶುಲ್ಕ, ಲ್ಯಾಪ್‌ಟಾಪಿನ ಮುಂಗಡ ಎಂದು ಹಣ ಕೇಳಿದೊಡನೆ ಎದ್ದು ಬರತಕ್ಕದ್ದು. ಮಂತ್ರಿಗಳ ಆಪ್ತರೆಂದು ಹೇಳಿಕೊಂಡು ಸರ್ಕಾರಿ ಹುದ್ದೆಗೆ ಲಕ್ಷಗಳ ಲೆಕ್ಕ ಹೇಳುವವರ ಮನೆಯ ಮೆಟ್ಟಿಲನ್ನು ಹತ್ತಲೇಬಾರದು. ಕೊಲ್ಲಿ ದೇಶಗಳಿಗೆ ಹೋಗುವವರು ಏಜೆಂಟನು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾದವನೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಬಹುದು. ನೋಂದಾಯಿತನೂ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಈಚೆಗೆ ಡೇಟಾ ಎಂಟ್ರಿ ಕೆಲಸವೆಂದು ನಂಬಿಸಿ ಕಾಂಬೋಡಿಯ, ಮ್ಯಾನ್ಮಾರ್ ಕಡೆಗೆ ಕರೆದೊಯ್ದು ಅಲ್ಲಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ವಿಷಯದಲ್ಲಿ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ. ಟೂರಿಸ್ಟ್ ವೀಸಾದ ಮೇಲೆ ಕೆಲಸಕ್ಕೆ ಕಳುಹಿಸುತ್ತೇವೆ ಎಂದವರ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ನೇಮಕಾತಿ ಆದೇಶ ಕೈಗೆ ಬಂದ ಮೇಲೆಯೂ ಪ್ರೊಬೇಷನ್ ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನದ ನೋಟಿಸು, ಬಾಂಡ್ ಇದ್ದರೆ ಎಷ್ಟು ಹಣಕ್ಕೆ ಎಂಬ ಮೂರನ್ನು ಓದಿಯೇ ರುಜು ಮಾಡಿ. ಅಂಕಪಟ್ಟಿಗಳ ಮೂಲಪ್ರತಿಯನ್ನು ತೋರಿಸಿ, ಜೆರಾಕ್ಸನ್ನು ಕೊಟ್ಟು, ಮೂಲವನ್ನು ಅಂದೇ ಮನೆಗೆ ತನ್ನಿ.